ಲಾಟರಿ ಹೊಡೆದರೆ ಊರಿಗೆ ಗೊತ್ತಾಗದಂತೆ ಇರುವುದು ಹೇಗೆ

ಕರ್ನಾಟಕದಲ್ಲಿ 2007ರಿಂದ ಲಾಟರಿ ಇಲ್ಲ. ಆದರೆ ಕೇರಳಕ್ಕೆ ಕೆಲಸಕ್ಕೆ ಹೋದವರು, ಶಬರಿಮಲೆಗೆ ಹೋದವರು ಅಲ್ಲಿಂದ ಒಂದು ಟಿಕೆಟ್ ಕೊಂಡು ತರುವುದು ಇದ್ದೇ ಇದೆ. ಕೇರಳ ಸರ್ಕಾರದ ಲಾಟರಿಯ 2024ರ ಓಣಂ ಬಂಪರ್, 25 ಕೋಟಿ, ಬಿದ್ದದ್ದು ನಮ್ಮ ಮಂಡ್ಯ ಜಿಲ್ಲೆಯ ಮೆಕ್ಯಾನಿಕ್ ಒಬ್ಬರಿಗೆ. ನಾಳೆ ನಮ್ಮೂರು ಕಾರವಾರದವರಿಗೂ ಬೀಳಬಹುದು ಅಲ್ವಾ?

2022ರಲ್ಲಿ ಇದೇ ಬಂಪರ್ ಗೆದ್ದವರು ತಿರುವನಂತಪುರದ ಆಟೋ ಚಾಲಕ. ದುಡ್ಡು ಕೈಗೆ ಬರುವ ಮೊದಲೇ ಸಹಾಯ ಕೇಳುವವರು ಮನೆ ಮುತ್ತಿದರು. ಗೆಲ್ಲದೇ ಇದ್ದರೇ ಚೆನ್ನಾಗಿತ್ತು ಅಂತ ಅವರು ಹೇಳಿದ್ದು ಓದಿ ನನಗೆ ಬಹಳ ಸಂಕಟವಾಯಿತು. ನಾನು ಬ್ಯಾಂಕ್ ಕೌಂಟರಿನಲ್ಲೇ ಕೂತು ನಿವೃತ್ತಳಾದವಳು. ದುಡ್ಡಿನ ಸುದ್ದಿ ಎಲ್ಲೆಲ್ಲಿ ಸೋರುತ್ತದೆ ಅಂತ ಬಲ್ಲೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಂಬರ್ ತಾಳೆಯಾದ ಕೂಡಲೇ ಟಿಕೆಟ್ ಹಿಂದೆ ಹೆಸರು, ವಿಳಾಸ ಬರೆದು ಸಹಿ ಹಾಕಿ. ಎರಡೂ ಬದಿ ಜೆರಾಕ್ಸ್ ತೆಗೆದಿಡಿ. ಫೋಟೋ ಮಾತ್ರ ಯಾರಿಗೂ ವಾಟ್ಸಾಪ್ ಮಾಡಬೇಡಿ, ಸ್ವಂತ ತಮ್ಮನಿಗೂ ಬೇಡ. ಟಿಕೆಟ್ ಮಾರಿದ ಅಂಗಡಿಗೆ ಫೋನ್ ಹಚ್ಚಬೇಡಿ. ಬಂಪರ್ ಬಿದ್ದ ಅಂಗಡಿ ಮುಂದೆ ಟೀವಿಯವರು ಮೊದಲೇ ನಿಂತಿರುತ್ತಾರೆ. ಗಂಡ ಅಥವಾ ಹೆಂಡತಿಗೆ ಹೇಳಿ, ಸಾಕು. ಮಕ್ಕಳಿಗೆ ಈಗಲೇ ಬೇಡ.

ಡ್ರಾ ಆದ 30 ದಿನದೊಳಗೆ ಟಿಕೆಟ್ ಒಪ್ಪಿಸಬೇಕು. ದೊಡ್ಡ ಬಹುಮಾನವಾದರೆ ತಿರುವನಂತಪುರದ ಲಾಟರಿ ನಿರ್ದೇಶನಾಲಯಕ್ಕೆ ನೀವೇ ಹೋಗಬಹುದು, ಇಲ್ಲವೇ ಬ್ಯಾಂಕಿನ ಮೂಲಕ ಕಳಿಸಬಹುದು. ನೇತ್ರಾವತಿ ಎಕ್ಸ್‌ಪ್ರೆಸ್ ಕಾರವಾರದಿಂದ ನೇರ ಅಲ್ಲಿಗೇ ಹೋಗುತ್ತದೆ. ಸರ್ಕಾರದಿಂದ ಹೆಸರು ಮುಚ್ಚಿಡಲು ಆಗುವುದಿಲ್ಲ. ಆಧಾರ್, ಪ್ಯಾನ್ ಕೊಡಲೇಬೇಕು. ಆದರೆ ಹೆಸರು ಹೊರಗೆ ಹೇಳಬೇಡಿ ಅಂತ ಇಲಾಖೆಯನ್ನು ಕೇಳಿಕೊಂಡ ವಿಜೇತರು ಇದ್ದಾರೆ. ನೀವೂ ಮೊದಲ ದಿನವೇ ಬರೆದುಕೊಡಿ.

ಈಗ ಬ್ಯಾಂಕಿನ ವಿಷಯ. ನಿಮ್ಮ ಓಣಿಯ ಶಾಖೆ ಬೇಡ. ಸಿಬ್ಬಂದಿ ಗುಟ್ಟು ಕಾಯುತ್ತಾರೆ, ಅದು ನಿಯಮ. ಆದರೆ ನಮ್ಮ ಚಿಕ್ಕ ಶಾಖೆಗಳಲ್ಲಿ ಹಿಂದೆ ನಿಂತವರ ಕಣ್ಣು ನಿಮ್ಮ ಸ್ಲಿಪ್ಪಿನ ಮೇಲೇ ಇರುತ್ತದೆ. ಮ್ಯಾನೇಜರ್ ಎದ್ದು ಬಂದು ಕ್ಯಾಬಿನ್ನಿಗೆ ಕರೆದರೆ ಮುಗಿಯಿತು, ಸಂಜೆಯೊಳಗೆ ಮೀನು ಮಾರ್ಕೆಟ್ಟಿನಲ್ಲಿ ಮಾತು. ಮಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ದೊಡ್ಡ ಶಾಖೆಯಲ್ಲಿ ಹೊಸ ಖಾತೆ ತೆರೆಯಿರಿ. ಪಾಸ್‌ಬುಕ್ ಬೇಡ ಅನ್ನಿ. ಫ್ರಿಜ್ ಮೇಲೆ ಬಿಟ್ಟ ಪಾಸ್‌ಬುಕ್ಕನ್ನು ಮನೆಗೆ ಬಂದ ನೆಂಟರು ಸುಮ್ನೆ ತೆರೆದು ನೋಡುತ್ತಾರೆ. ಖಾತೆಗೆ ಕೊಟ್ಟ ಮೊಬೈಲ್ ನಂಬರಿನ ಫೋನ್ ಮಕ್ಕಳು ಆಟ ಆಡುವ ಫೋನ್ ಆಗಿರಬಾರದು. ದುಡ್ಡು ಬಿದ್ದ ಮೆಸೇಜನ್ನು ಅವರು ಗಟ್ಟಿಯಾಗಿ ಓದಿಬಿಡುತ್ತಾರೆ.

25 ಕೋಟಿ ಅಂದರೆ ಜನ 25 ಅಂತಲೇ ಲೆಕ್ಕ ಹಾಕುತ್ತಾರೆ. ಟಿಕೆಟ್ ಮಾರಿದ ಏಜೆಂಟರ ಕಮಿಷನ್ 10 ಪರ್ಸೆಂಟ್ ಹೋಗಿ, ಉಳಿದದ್ದರಲ್ಲಿ 30 ಪರ್ಸೆಂಟ್ ತೆರಿಗೆ ಮುರಿದರೆ ಕೈಗೆ ಬರುವುದು 15.75 ಕೋಟಿ. ತೆರಿಗೆಯ ಮೇಲೆ ಮತ್ತೆ ಹಾಕುವ ಸರ್‌ಚಾರ್ಜ್, ಸೆಸ್ ಅಂತ ಇನ್ನೂ 2 ಕೋಟಿಗಿಂತ ಜಾಸ್ತಿ ನೀವೇ ಕಟ್ಟಬೇಕು. ಆ ದುಡ್ಡನ್ನು ಬೇರೆ ಇಡಿ. ಲೆಕ್ಕಕ್ಕೆ ಪರ ಊರಿನ ಸಿ.ಎ. ಹಿಡಿಯಿರಿ.

ಮೊದಲ ವರ್ಷ ಏನೂ ಬದಲಾಗಬಾರದು. ಕೆಲಸ ಬಿಡಬೇಡಿ. ಬೈತಖೋಲಿನ ಮೀನು ಬಂದರಿನಲ್ಲಿ ಬೋಟಿಗೆ ಹೋಗುವವರು ಹೋಗುತ್ತಲೇ ಇರಿ. ಮನೆ ರಿಪೇರಿ ಮಾಡಲೇಬೇಕಿದ್ದರೆ ಸಣ್ಣದೊಂದು ಬ್ಯಾಂಕ್ ಸಾಲ ನಿಜವಾಗಿಯೇ ತೆಗೆಯಿರಿ. ಬಡ್ಡಿ ಸ್ವಲ್ಪ ಹೋಗುತ್ತದೆ, ಹೋಗಲಿ. "ದುಡ್ಡು ಎಲ್ಲಿಂದ ಬಂತು ಮಾರಾಯಾ?" ಅಂದರೆ "ಸಾಲ ತೆಗೆದೆ" ಅನ್ನಬಹುದು. ಸುಳ್ಳು ಹೇಳಿದ ಹಾಗೂ ಆಗುವುದಿಲ್ಲ.

ಕೊಡುವ ಮನಸ್ಸಿದ್ದರೆ ಖಂಡಿತ ಕೊಡಿ. ಆದರೆ ಕೈಗೆ ನಗದು ಬೇಡ. ಅಕ್ಕನ ಮಗಳ ಕಾಲೇಜು ಫೀಸನ್ನು ಕಾಲೇಜಿಗೇ ಕಟ್ಟಿ, ಆಸ್ಪತ್ರೆ ಬಿಲ್ಲನ್ನು ಆಸ್ಪತ್ರೆಗೇ ಕಟ್ಟಿ. ರಸೀದಿ ಮಾತ್ರ ಅವರಿಗೆ ಕೊಡಿ.