ಮುಂದೆ ಹುಲಿ, ಮಗ್ಗುಲಲ್ಲಿ ಇಲಿ: ನನ್ನ ಮ್ಯಾಸಿಡೋನಿಯನ್ ಸೇನೆಯ ಕಥೆ

ಮೇಜಿನ ಮೇಲೆ ಗೊಂಬೆ ಸೈನಿಕರನ್ನಿಟ್ಟು ಹಳೆಯ ಕಾಲದ ಯುದ್ಧಗಳನ್ನು ಆಡುವ ಹವ್ಯಾಸ ನನ್ನದು. ಅದರಲ್ಲಿ ನನ್ನ ಮೊದಲ ಸೇನೆಯನ್ನು, ಅಂದರೆ ಅಲೆಕ್ಸಾಂಡರನ ನಾಡಾದ ಮ್ಯಾಸಿಡೋನಿಯದ್ದನ್ನು, ನಾನು ಬಲಾಬಲ ನೋಡಿ ಆರಿಸಲಿಲ್ಲ. ನೋಡೋಕೆ ಚೆನ್ನಾಗಿದೆ ಅಂತ ಆರಿಸಿದೆ, ಅಷ್ಟೇ. 15 ಮಿಲಿಮೀಟರ್ ಗೊಂಬೆಗಳು, ಒಬ್ಬೊಬ್ಬನ ಕೈಯಲ್ಲೂ ಅವನ ಮೂರು ಪಟ್ಟು ಉದ್ದದ ಸಾರಿಸಾ ಈಟಿ. ಗೊಂಬೆಯ ಜೊತೆ ಬಂದ ಈಟಿಗಳು ಮೆತ್ತಗಿದ್ದವು, ಮುಟ್ಟಿದರೆ ಬಾಗುತ್ತಿದ್ದವು. ಎಲ್ಲವನ್ನೂ ಕತ್ತರಿಸಿ ಉಕ್ಕಿನ ತಂತಿ ಅಂಟಿಸಿದೆ. ಎಷ್ಟೋ ದಿನ ಆ ಈಟಿಗಳಿಂದ ಗಾಯ ಆಗಿದ್ದು ನನಗೊಬ್ಬನಿಗೇ. ಎದುರಾಳಿಗೆ ಏನೂ ಆಗುತ್ತಿರಲಿಲ್ಲ.

ಎದುರಾಳಿ ನನ್ನ ಗೆಳೆಯ. ಅವನದು ರೋಮನ್ ಸೇನೆ. ನಾವು ಆಡುವುದು ಇಂಥ ಆಟಕ್ಕೆಂದೇ ಇರುವ ಡಿಬಿಎ ಅನ್ನುವ ನಿಯಮದಲ್ಲಿ. ಒಂದೊಂದು ಕಡೆ 12 ತುಕಡಿ, ಸರದಿಗೊಂದು ದಾಳ. ದಾಳದಲ್ಲಿ ಎಷ್ಟು ಬಿತ್ತೋ ಅಷ್ಟು ಆಜ್ಞೆ ಕೊಡಬಹುದು. ಮೊದಲು 4 ತುಕಡಿ ಕಳೆದುಕೊಂಡವನು ಸೋತ ಹಾಗೆ. ಚದುರಂಗದಲ್ಲಿ ಇಬ್ಬರ ಕಾಯಿಯೂ ಒಂದೇ. ಇಲ್ಲಿ ಹಾಗಲ್ಲ, ಅದಕ್ಕೇ ಈ ಹುಚ್ಚು ಹಿಡಿಯುವುದು.

ಓದಿದ್ದೆಲ್ಲ ನನ್ನ ಪರವಾಗಿಯೇ ಇತ್ತು. ಫ್ಯಾಲಾಂಕ್ಸ್ ಅಂದರೆ 16 ಸಾಲು ಆಳದ ಈಟಿಗಾರರು. ಮೊದಲ ಐದು ಸಾಲಿನ ಈಟಿಗಳ ಮೊನೆ ಮುಂದಕ್ಕೆ ಚಾಚಿರುತ್ತಿತ್ತು. ಅದರ ಎದುರಿಗೆ ಕತ್ತಿ ಹಿಡಿದವನು ಏನು ಮಾಡಿಯಾನು? ನಮ್ಮ ಮೇಜಿನ ಮೇಲೂ ಅದೇ ಕಥೆ. ಒಂದರ ಹಿಂದೆ ಒಂದು ಈಟಿ ತುಕಡಿ ನಿಲ್ಲಿಸಿದರೆ ಕಾಲಾಳುಗಳ ಮೇಲೆ ಭಾರೀ ಬಲ. ಎದುರಿಗೆ ಗುದ್ದಾಡಿ ನಾನು ಸೋತದ್ದು ಬಹಳ ಕಡಿಮೆ. ಆದರೂ ಆಟ ಮಾತ್ರ ಸಾಲಾಗಿ ಐದು ಸೋತೆ.

ದಾಳದ ಮೇಲೆ ತಪ್ಪು ಹೊರಿಸುತ್ತಿದ್ದೆ. ಆರನೇ ಸಲ ಗೆಳೆಯನಿಗೆ ಬೇಜಾರಾಯಿತು. "ಇವತ್ತು ನಿನ್ನ ಸೇನೆ ನಾನು ಆಡ್ತೀನಿ, ನನ್ನದು ನೀನು ಆಡು. ಏನಾಗುತ್ತೆ ನೋಡೋಣ ಕಣೋ" ಅಂದ.

ರೋಮನ್ನರ ಕಡೆ ಕೂತು ನನ್ನ ಸೇನೆಯನ್ನೇ ನೋಡಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಈಟಿಗಳಲ್ಲ, ಸಾಲಿನ ತುದಿ. ಎಷ್ಟು ಗಿಡ್ಡ ಸಾಲು! 6 ಈಟಿ ತುಕಡಿಗಳನ್ನು ಎರಡೆರಡಾಗಿ ನಿಲ್ಲಿಸಿದರೆ ಅಗಲ ಬರೀ 3. ಉಳಿದ 6 ಸೇರಿದರೂ ಒಟ್ಟು 9. ನಾನು ಮನಸ್ಸು ಮಾಡಿದರೆ 12 ತುಕಡಿಯನ್ನೂ ಅಕ್ಕಪಕ್ಕ ನಿಲ್ಲಿಸಬಹುದಿತ್ತು. ಅಂದರೆ ಆ ಬಲಕ್ಕೆ ನಾನು ಇಷ್ಟು ದಿನ ಅಗಲದಲ್ಲಿ ಬೆಲೆ ಕೊಡುತ್ತಿದ್ದೆ. ಲೆಕ್ಕ ಇಷ್ಟು ಸರಳ. ಆದರೆ ನನ್ನ ಕಡೆ ಕೂತಾಗ ಒಂದು ದಿನವೂ ಹೊಳೆದಿರಲಿಲ್ಲ.

ನಮ್ಮ ನಿಯಮದಲ್ಲಿ ಸೋತ ತುಕಡಿ ಸಾಮಾನ್ಯವಾಗಿ ಹಿಂದೆ ಸರಿಯುತ್ತದೆ, ಸಾಯುವುದಿಲ್ಲ. ಆದರೆ ಅದರ ಮಗ್ಗುಲಿಗೋ ಬೆನ್ನಿಗೋ ಶತ್ರು ಅಂಟಿಕೊಂಡಿದ್ದರೆ ಸರಿಯೋಕೆ ಜಾಗ ಇಲ್ಲ, ಅಲ್ಲೇ ಮುಗಿಯಿತು. ಹಾಗಾಗಿ ನಾನು ಈಟಿಗಳ ಎದುರು ಬೇಕಂತಲೇ ಹಿಂದೆ ಸರಿಯುತ್ತಾ ಹೋದೆ. ಅವನ ನಡುಭಾಗ ಗೆಲ್ಲುತ್ತಾ ಮುಂದೆ ಬಂತು. ಗೆದ್ದಷ್ಟೂ ಅದರ ಮಗ್ಗುಲು ಬಯಲಾಯಿತು.

ಕ್ರಿ.ಪೂ. 197ರಲ್ಲಿ ಗ್ರೀಸಿನ ಸೈನೋಸೆಫಲೆಯಲ್ಲಿ, ಮ್ಯಾಸಿಡೋನಿಯಕ್ಕೂ ರೋಮಿಗೂ ನಡೆದ ಯುದ್ಧದಲ್ಲಿ ಆದದ್ದೂ ಹೆಚ್ಚು ಕಡಿಮೆ ಇದೇ. ಮ್ಯಾಸಿಡೋನಿಯದ ರಾಜ ಐದನೇ ಫಿಲಿಪ್‌ನ ಬಲಭಾಗ ಇಳಿಜಾರಿನಲ್ಲಿ ರೋಮನ್ನರನ್ನು ತಳ್ಳಿಕೊಂಡು ಹೋಯಿತು. ಎಡಭಾಗ ಇನ್ನೂ ಸಾಲು ಕಟ್ಟಿರಲೇ ಇಲ್ಲ, ಅದು ಮುರಿಯಿತು. ಆಗ ರೋಮನ್ನರ ಒಬ್ಬ ಟ್ರಿಬ್ಯೂನ್ (ಸೇನಾಧಿಕಾರಿ) 20 ಮ್ಯಾನಿಪಲ್ (ಕಾಲಾಳು ತುಕಡಿ) ಕರೆದುಕೊಂಡು ಹೋಗಿ, ಗೆಲ್ಲುತ್ತಿದ್ದ ಬಲಭಾಗದ ಬೆನ್ನಿಗೆ ಬಿದ್ದ. ಅಷ್ಟು ದೊಡ್ಡ ಕೆಲಸ ಮಾಡಿದವನ ಹೆಸರು ಯಾರೂ ಬರೆದಿಟ್ಟಿಲ್ಲ, ಪಾಪ.

ಆವತ್ತಿನಿಂದ ನಾನು ಸೇನೆ ನಿಲ್ಲಿಸುವ ರೀತಿಯೇ ಬದಲಾಯಿತು. ಈಟಿ ಸಾಲಿನ ಒಂದು ತುದಿಯನ್ನು ಕಾಡಿಗೋ ಗುಡ್ಡಕ್ಕೋ ಒರಗಿಸುತ್ತೇನೆ, ಆದರೆ ಒಳಗೆ ಹೋಗಲು ಬಿಡುವುದಿಲ್ಲ. ಒರಟು ನೆಲಕ್ಕೆ ಕಾಲಿಟ್ಟರೆ ಹಿಂದಿನ ತುಕಡಿಯ ನೆರವು ಸಿಗುವುದಿಲ್ಲ. ಮ್ಯಾಸಿಡೋನಿಯ ರೋಮಿಗೆ ಸೋತ ಪಿಡ್ನಾ ಯುದ್ಧದಲ್ಲಿ, ಕ್ರಿ.ಪೂ. 168ರಲ್ಲಿ, ಇಂಥ ಏರುಪೇರಿನ ನೆಲದಲ್ಲೇ ಸಾಲು ಬಿರುಕು ಬಿಟ್ಟು ರೋಮನ್ನರು ಒಳಗೆ ನುಗ್ಗಿದ್ದು. ಇನ್ನೊಂದು ತುದಿಗೆ ಸವಾರರು. ಅವರ ಕೆಲಸ ಗೆಲ್ಲುವುದಲ್ಲ, ಹೊತ್ತು ಕಳೆಯುವುದು. ಮೊದಲೆಲ್ಲ ಅವರನ್ನು ಅಲೆಕ್ಸಾಂಡರನ ಹಾಗೆ ನುಗ್ಗಿಸಿ ಸುಮ್ನೆ ಸಾಯಿಸುತ್ತಿದ್ದೆ.

ಜೊತೆಗೆ, ಇಡೀ ಸಾಲನ್ನು ಒಟ್ಟಿಗೆ ನಡೆಸಲು ಒಂದೇ ಆಜ್ಞೆ ಸಾಕು. ದಾಳದಲ್ಲಿ 1 ಬಿದ್ದರೂ ಫ್ಯಾಲಾಂಕ್ಸ್ ನಡೆಯುತ್ತದೆ. ಚದುರಿಸಿದರೆ ಒಂದೊಂದು ತುಕಡಿಗೂ ಒಂದೊಂದು ಆಜ್ಞೆ ಬೇಕು. ಹಾಗಾಗಿ ಸಾಲು ಗಟ್ಟಿ ಇರುವಾಗಲೇ, ಬೇಗ, ಎದುರಾಳಿ ಸುತ್ತಿ ಬರುವ ಮೊದಲೇ ಹೋಗಿ ಡಿಕ್ಕಿ ಹೊಡೆಯಬೇಕು. ಮೆಲ್ಲಗೆ ಆಡಿದರೆ ಈ ಸೇನೆ ಕೆಟ್ಟಿತು.

ಸೇನೆ ಬದಲಿಸಿ ಆಡುವುದು ಆಮೇಲೆ ಅಭ್ಯಾಸವೇ ಆಯಿತು. ಪಾರ್ಥಿಯನ್ (ಹಳೆಯ ಪರ್ಷಿಯಾದ) ಬಿಲ್ಲು ಸವಾರರ ಭಯ ಹೋದದ್ದೂ ಹಾಗೇ. ಕ್ರಿ.ಪೂ. 53ರಲ್ಲಿ ಕಾರೆಯ ಬಯಲಿನಲ್ಲಿ ಅವರು ರೋಮನ್ ಸೇನಾಪತಿ ಕ್ರಾಸಸ್‌ನ ಸೇನೆಯನ್ನು ಹಣ್ಣು ಮಾಡಿದ್ದರು. ಬಾಣ ಮುಗಿಯಲಿ ಅಂತ ರೋಮನ್ನರು ಕಾದರೆ, ಒಂಟೆಗಳ ಮೇಲೆ ಹೊರೆಗಟ್ಟಲೆ ಬಾಣ ಬರುತ್ತಲೇ ಇತ್ತು. ಅವರನ್ನು ನಾನೇ ಆಡಿದಾಗ ಗೊತ್ತಾಯಿತು, ಅವರಿಗೆ ದೊಡ್ಡ ಶತ್ರು ಮೇಜಿನ ಅಂಚು. ಕಾರೆಯಲ್ಲಿ ಬೆನ್ನ ಹಿಂದೆ ಮುಗಿಯದ ಬಯಲು. ನಮ್ಮದು ಎರಡಡಿ ಮೇಜು. ಹಗುರ ಸವಾರರು ಬೇಗ ಸಾಯುವುದಿಲ್ಲ, ಓಡಿಹೋಗುತ್ತಾರೆ. ಆದರೆ ಓಡುತ್ತಾ ಅಂಚು ದಾಟಿದರೆ ಆ ತುಕಡಿ ಲೆಕ್ಕದಿಂದ ಹೋಯಿತು. ಈಗ ಅವರ ಎದುರು ನಾನು ಅಟ್ಟಿಸಿಕೊಂಡು ಹೋಗುವುದಿಲ್ಲ, ಅಗಲವಾಗಿ ಸಾಲು ಕಟ್ಟಿ ಮೂಲೆಗೆ ಒತ್ತುತ್ತೇನೆ. ನೋಡೋಕೆ ಒಂಚೂರೂ ಚೆಂದ ಇಲ್ಲದ ಆಟ, ಒಪ್ಪುತ್ತೇನೆ.

ಈಗ ಪೋರಸ್‌ನ ಸೇನೆಗೆ ಬಣ್ಣ ಹಚ್ಚುತ್ತಿದ್ದೇನೆ. ಇದನ್ನೂ ಆನೆ ಚೆನ್ನಾಗಿ ಕಾಣುತ್ತೆ ಅಂತಲೇ ತೆಗೆದುಕೊಂಡದ್ದು, ಬುದ್ಧಿ ಬಂದಿಲ್ಲ. ಎಸೆಯುವ ಸಣ್ಣ ಈಟಿ ಹಿಡಿದ ಹಗುರ ಕಾಲಾಳುಗಳು ಆನೆಯನ್ನು ಕೊಲ್ಲಬಲ್ಲರು ಅಂತ ನಿಯಮ ಹೇಳುತ್ತದೆ. ಪೋರಸ್ ಜೊತೆ ಝೀಲಂ ದಡದಲ್ಲಿ ನಡೆದ ಯುದ್ಧದಲ್ಲೂ ಅಲೆಕ್ಸಾಂಡರನ ಹಗುರ ಪಡೆ ಮಾವುತರನ್ನೇ ಗುರಿ ಮಾಡಿತ್ತು. ಕೊನೆಯ ಆನೆಯ ಬಣ್ಣ ಇನ್ನೂ ಒಣಗಿಲ್ಲ, ಗೆಳೆಯ ಆಗಲೇ ಕೇಳಿದ: "ಮೊದಲ ಆಟ ಆನೆ ನನ್ನ ಕಡೆ, ಅಲ್ವಾ?"