ಪಂಕ್ತಿಯಿಂದ ಕೈಯೂರದೆ ಏಳಬೇಕೇ? ನಲವತ್ತೈದು ದಾಟಿದವರು ಹೀಗೆ ಶುರು ಮಾಡಿ

ಹೋದ ವರ್ಷ ಗಂಗಾವತಿಯಲ್ಲಿ ನೆಂಟರ ಮನೆ ಮದುವೆ. ನೆಲದ ಮೇಲೆ ಪಂಕ್ತಿ ಹಾಕಿದ್ದರು. ಊಟ ಮುಗಿಸಿ ಏಳಲು ಹೋದರೆ ಮೊಣಕಾಲು ಒಪ್ಪಲಿಲ್ಲ. ಒಂದು ಕೈ ನೆಲಕ್ಕೆ ಊರಿದೆ, ಇನ್ನೊಂದು ಪಕ್ಕದವರ ಹೆಗಲಿಗೆ. ಎದುರಿಗಿದ್ದ ದೊಡ್ಡಪ್ಪ, ವಯಸ್ಸು ಎಪ್ಪತ್ತು ದಾಟಿದೆ, ಸುಮ್ನೆ ಎದ್ದು ನಿಂತು ಕೇಳಿದರು: "ಯಾಕೋ ತಮ್ಮಾ, ಮೊಣಕಾಲು ಹಿಡಕೊಂಡಾವೇನು?"

ನನಗಾಗ 47. ದೊಡ್ಡಪ್ಪ ಹೊಲದಲ್ಲಿ ಕುಕ್ಕರಗಾಲಲ್ಲಿ ಕೂತು ಕಳೆ ಕಿತ್ತವರು. ನಾನು ಇಪ್ಪತ್ತು ವರ್ಷ ಕುರ್ಚಿಯಲ್ಲೇ ಕಳೆದವನು. ಮೂವತ್ತರ ನಂತರ ಮಾಂಸಖಂಡ ನಿಧಾನವಾಗಿ ಕರಗುತ್ತಾ ಹೋಗುತ್ತದೆ. ಬಳಸದಿದ್ದರೆ ಇನ್ನೂ ಬೇಗ. ನಮ್ಮ ವಯಸ್ಸಿನವರು ಹೊಟ್ಟೆ ನೋಡಿ ಚಿಂತೆ ಮಾಡುತ್ತೇವೆ, ಕಾಲಿನ ಬಗ್ಗೆ ಯೋಚನೆ ಮಾಡುವುದಿಲ್ಲ. ಮೊದಲು ಕಾಲಿಗೆ ಬಲ ಬರಬೇಕು, ಓಟ ಆಮೇಲೆ. ಇದನ್ನು ನಾನು ಕಲಿತದ್ದು ತಪ್ಪು ಮಾಡಿದ ಮೇಲೆ. ಆ ನೆಂಟರ ಮದುವೆ ಮುಗಿದ ಮರುವಾರವೇ ಓಡಲು ಶುರು ಮಾಡಿದೆ. ನಾಲ್ಕನೇ ದಿನಕ್ಕೆ ಮೊಣಕಾಲು ಊದಿತು, ಮೂರು ವಾರ ಕುಂಟಿದೆ.

ಮೊದಲು ಅಳತೆ

ಒಂದು ಟೇಪು ತಗೊಳ್ಳಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟು, ಹೊಟ್ಟೆ ಒಳಗೆಳೆಯದೆ ಅಳೆಯಿರಿ. ನಮ್ಮ ದೇಶದ ಗಂಡಸರಿಗೆ 90 ಸೆಂಟಿಮೀಟರ್ ಗಡಿ. ಅದು ದಾಟಿದ್ದರೆ ಶುಗರ್, ಹೃದಯದ ತೊಂದರೆ ಬರುವ ಸಾಧ್ಯತೆ ಜಾಸ್ತಿ. ಬಿಪಿ, ಶುಗರ್ ಎರಡನ್ನೂ ಚೆಕ್ ಮಾಡಿಸಿ. ಬಿಪಿ 140/90 ದಾಟಿದ್ದರೆ, ಅಥವಾ ನಡೆಯುವಾಗ ಎದೆ ಹಿಡಿದಂತಾಗುತ್ತಿದ್ದರೆ, ವ್ಯಾಯಾಮಕ್ಕಿಂತ ಮೊದಲು ಡಾಕ್ಟರ ಹತ್ತಿರ ಹೋಗಿ.

ಕುರ್ಚಿಯಿಂದ ಬಸ್ಕಿಗೆ

ವಾರಕ್ಕೆ ಎರಡು ದಿನ ಸಾಕು. ನಡುವೆ ಒಂದೆರಡು ದಿನ ಬಿಡುವಿರಲಿ. ಅಲುಗಾಡದ ಮರದ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಪ್ಲಾಸ್ಟಿಕ್ ಕುರ್ಚಿ ಬೇಡ, ಜಾರುತ್ತದೆ. ಅಂಚಿಗೆ ಬಂದು ಕೂತು, ಪಾದಗಳನ್ನು ಭುಜದಷ್ಟು ಅಗಲಿಸಿ, ಎರಡೂ ಕೈ ಎದೆಯ ಮೇಲೆ ಕಟ್ಟಿ. ಮೈ ಸ್ವಲ್ಪ ಮುಂದೆ ಬಾಗಿಸಿ, ಹಿಮ್ಮಡಿ ಒತ್ತಿ ಏಳಿ. ಏಳುವಾಗ ಉಸಿರು ಬಿಡಿ. ಬಿಗಿ ಹಿಡಿದರೆ ಬಿಪಿ ಏರುತ್ತದೆ. ಕೂರುವುದೇ ನಿಜವಾದ ಕೆಲಸ: ಒಂದು, ಎರಡು, ಮೂರು ಎಣಿಸುತ್ತಾ ನಿಧಾನವಾಗಿ ಇಳಿಯಿರಿ, ಧೊಪ್ ಅಂತ ಬೀಳಬೇಡಿ. ಮೊಣಕಾಲುಗಳು ಒಳಗೆ ವಾಲದೆ ಕಾಲ್ಬೆರಳಿನ ನೇರಕ್ಕೇ ಇರಲಿ.

ಎಂಟು ಸಲ, ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಎಂಟು. ಇದು ಹಗುರ ಅನ್ನಿಸಿದಾಗ ಮಣೆ ಹಾಕಿದ ಸ್ಟೂಲಿಗೆ ಇಳಿಯಿರಿ, ಆಮೇಲೆ ಬರೀ ಸ್ಟೂಲಿಗೆ. ಗರಡಿ ಮನೆಯ ಬಸ್ಕಿಗೆ ಬರಲು ನನಗೆ ನಾಲ್ಕು ತಿಂಗಳು ಹಿಡಿಯಿತು.

ದಂಡಕ್ಕೂ ಇದೇ ದಾರಿ. ಮೊದಲು ಗೋಡೆಗೆ ಕೈ ಕೊಟ್ಟು, ನಂತರ ಕಟ್ಟೆಗೆ, ಕೊನೆಗೆ ನೆಲಕ್ಕೆ. ಜೊತೆಗೆ ಐದು ಲೀಟರಿನ ಎರಡು ಕ್ಯಾನ್ ತುಂಬಿ, ಎರಡೂ ಕೈಯಲ್ಲಿ ಹಿಡಿದು, ಬೆನ್ನು ನೆಟ್ಟಗಿಟ್ಟು ಅಂಗಳದಲ್ಲಿ ನಲವತ್ತು ಹೆಜ್ಜೆ ನಡೆಯಿರಿ. ಹಿಡಿತ, ಹೆಗಲು, ನಡು ಮೂರಕ್ಕೂ ಒಳ್ಳೆಯದು. ಮರುದಿನ ತೊಡೆ ನೋಯುವುದು ಸಹಜ, ಎರಡು ದಿನದಲ್ಲಿ ಹೋಗುತ್ತದೆ. ಕೀಲು ನೋವಾದರೆ, ಊದಿದರೆ ನಿಲ್ಲಿಸಿ.

ನಡಿಗೆ

ವಾರಕ್ಕೆ ಒಟ್ಟು 150 ನಿಮಿಷ, ಅಂದರೆ ಐದು ದಿನ ಅರ್ಧ ಗಂಟೆ. ಮೊದಲ ವಾರ ಹದಿನೈದು ನಿಮಿಷ ಸಾಕು. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸು. ನಮ್ಮ ಕಡೆ ಏಪ್ರಿಲ್, ಮೇ ಬಂದರೆ ಬಿಸಿಲು 40 ಡಿಗ್ರಿ ದಾಟುತ್ತದೆ, ಅಲ್ವಾ? ಬೆಳಿಗ್ಗೆ ಏಳರೊಳಗೆ ಮುಗಿಸಿ. ಎದೆ ಬಿಗಿದು, ನೋವು ಎಡಗೈಗೋ ದವಡೆಗೋ ಹರಿದರೆ, ತಣ್ಣನೆ ಬೆವರು ಬಂದರೆ, ಗ್ಯಾಸ್ ಅಂತ ಸೋಡಾ ಕುಡಿದು ಮಲಗಬೇಡಿ. ತಕ್ಷಣ 108ಕ್ಕೆ ಫೋನ್ ಮಾಡಿ.

ತಟ್ಟೆ

ಭತ್ತದ ಸೀಮೆಯವರು ನಾವು, ಎರಡು ಹೊತ್ತೂ ಅನ್ನವೇ ಜಾಸ್ತಿ. ಅನ್ನ ಅರ್ಧ ಮಾಡಿ, ಜೋಳದ ರೊಟ್ಟಿ, ಕಾಳಿನ ಪಲ್ಯ, ಮೊಸರು ಹೆಚ್ಚಿಸಿ. 70 ಕಿಲೋ ತೂಗುವವರಿಗೆ ದಿನಕ್ಕೆ ಸುಮಾರು 58 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ ಸಿಗುವುದು ಆರು ಗ್ರಾಂ ಮಾತ್ರ. ಸಂಜೆಯ ಒಗ್ಗರಣಿ-ಮಿರ್ಚಿ ವಾರಕ್ಕೊಮ್ಮೆ ಇರಲಿ. ಗುಟ್ಕಾ, ಬೀಡಿ ಪೂರ್ತಿ ಬಿಡಿ.

ಮೂರು ತಿಂಗಳ ನಂತರ

ಗಂಗಾವತಿ ಹತ್ತಿರದ ಅಂಜನಾದ್ರಿ ಬೆಟ್ಟ ಹತ್ತಿ, 575 ಮೆಟ್ಟಿಲು. ಬೆಳಕು ಹರಿಯುವಾಗಲೇ ಹೊರಡಿ, ನೀರು ಜೊತೆಗಿರಲಿ, ಐವತ್ತು ಮೆಟ್ಟಿಲಿಗೊಮ್ಮೆ ನಿಂತು ಉಸಿರು ತಗೊಳ್ಳಿ. ಮೊಣಕಾಲಿಗೆ ಜಾಸ್ತಿ ಭಾರ ಬೀಳುವುದು ಇಳಿಯುವಾಗ. ಕುರ್ಚಿಗೆ ನಿಧಾನವಾಗಿ ಇಳಿಯಿರಿ ಎಂದು ಒತ್ತಿ ಹೇಳಿದ್ದು ಇದಕ್ಕೇ. ಪಾದ ಪೂರ್ತಿ ಊರಿ, ಒಂದೊಂದೇ ಮೆಟ್ಟಿಲು ಇಳಿಯಿರಿ. ದೊಡ್ಡಪ್ಪನ ಜೊತೆ ನಾನು ಈ ಸಲ ಹಾಗೇ ಇಳಿದು ಬಂದೆ. ಕೆಳಗೆ ಬಂದ ಮೇಲೆ ಇಬ್ಬರೂ ನೆಲದ ಮೇಲೆ ಕೂತು ಬುತ್ತಿ ಬಿಚ್ಚಿದೆವು.