ಮಗು ಎಡವೋದು, ಬೀಳಿಸೋದು ಜಾಸ್ತಿನಾ? ಅಸೆಸ್‌ಮೆಂಟ್ ಮಾಡಿಸೋದು ಹೇಗೆ

ಬಾಯಲ್ಲಿ ಕೇಳಿದ್ರೆ ಪಟಪಟ ಅಂತ ಉತ್ತರ ಹೇಳುತ್ತೆ, ಬರಿ ಅಂದ್ರೆ ಮಾತ್ರ ಅರ್ಧ ಪುಟಕ್ಕೇ ಕೈ ನೋವು. ಶೂ ಲೇಸ್ ಅಂದ್ರೆ ಅಳು, ಚೆಂಡು ಎದೆಗೆ ಬಡಿದ ಮೇಲೆ ಕೈ ಮುಂದೆ ಬರುತ್ತೆ. ಇಂಥ ಮಕ್ಕಳಿಗೆ ಸೋಮಾರಿ ಅಂತ ಬೈಗುಳ ಸಿಗೋದೇ ಹೆಚ್ಚು, ಆದ್ರೆ ಇದು ಡೆವಲಪ್‌ಮೆಂಟಲ್ ಕೋಆರ್ಡಿನೇಷನ್ ಡಿಸಾರ್ಡರ್ ಅಂದ್ರೆ ಡಿಸಿಡಿ (ಕೈಕಾಲಿನ ಚಲನೆ ಹೊಂದಿಸಿಕೊಂಡು ಕೆಲಸ ಮಾಡೋಕೆ ಕಷ್ಟ ಆಗೋ ತೊಂದರೆ) ಇರಬಹುದು, ಕೆಲವರು ಡಿಸ್‌ಪ್ರಾಕ್ಸಿಯಾ ಅಂತಲೂ ಕರೀತಾರೆ. 5ರಿಂದ 11 ವರ್ಷದ ಮಕ್ಕಳಲ್ಲಿ ನೂರಕ್ಕೆ ಸುಮಾರು 5–6 ಮಂದಿಗೆ ಇದು ಇರುತ್ತೆ ಅಂತ ಅಂದಾಜು.

ಮೊದಲನೇ ಕೆಲಸ, ಬರೆದಿಟ್ಟುಕೊಳ್ಳೋದು. ಡಾಕ್ಟರ್ ಮುಂದೆ ಕೂತು "ಸ್ವಲ್ಪ ಒಡ್ಡೊಡ್ಡಾಗಿ ಆಡ್ತಾನೆ ಸರ್" ಅಂದ್ರೆ "ದೊಡ್ಡವನಾದ್ರೆ ಸರಿಹೋಗುತ್ತೆ ಬಿಡಿ" ಅನ್ನೋ ಉತ್ತರಾನೇ ಬರೋದು. ಅದರ ಬದಲು "ಎಂಟು ವರ್ಷ, ಪ್ಯಾಂಟಿನ ಗುಂಡಿ ಇನ್ನೂ ನಾನೇ ಹಾಕ್ಬೇಕು, ಮೆಟ್ಟಿಲು ಇಳಿಯುವಾಗ ಗೋಡೆ ಬಿಡಲ್ಲ, ಬೋರ್ಡ್ ಮೇಲಿಂದು ಕಾಪಿ ಮಾಡೋದು ಅರ್ಧಕ್ಕೇ ನಿಲ್ಲುತ್ತೆ" ಅಂತ ಹೇಳಿ ನೋಡಿ. ನಡೆಯೋಕೆ ಶುರು ಮಾಡಿದ್ದು ಯಾವಾಗ, ಸೈಕಲ್ ಕಲಿಸೋಕೆ ಹೋದಾಗ ಏನಾಯ್ತು, ಎಲ್ಲಾ ಸೇರಿಸಿ. ಆಟ ಆಡುವಾಗಿನ ಸಣ್ಣ ವಿಡಿಯೋ ಇದ್ರೆ ಇನ್ನೂ ಒಳ್ಳೇದು, ಯಾಕಂದ್ರೆ ಕ್ಲಿನಿಕ್ಕಲ್ಲಿ ಮಕ್ಕಳು ಬೇರೆ ಥರಾನೇ ಇರ್ತಾರೆ.

ಟೀಚರ್ ಹತ್ರಾನೂ ಎರಡು ಸಾಲು ಬರೆಸ್ಕೊಳ್ಳಿ. ಈ ತೊಂದರೆ ದಿನನಿತ್ಯದ ಕೆಲಸಕ್ಕೋ ಓದು-ಬರಹಕ್ಕೋ ಅಡ್ಡಿ ಮಾಡ್ತಿದೆ ಅಂತ ತೋರಿಸದೆ ಡಿಸಿಡಿ ಅನ್ನಲ್ಲ.

ಆಮೇಲೆ ಮಕ್ಕಳ ಡಾಕ್ಟರ್. ಕಣ್ಣು, ನರ, ಸ್ನಾಯು ಇವುಗಳಲ್ಲಿ ಬೇರೆ ಕಾರಣ ಇದೆಯಾ ಅಂತ ಮೊದಲು ನೋಡ್ತಾರೆ. ಬರ್ತಿದ್ದ ಕೆಲಸ ಈಗ ಬರ್ತಿಲ್ಲ, ಒಂದೇ ಕಡೆ ಕೈಕಾಲು ವೀಕು, ನೆಲದಿಂದ ಏಳೋಕೆ ತೊಡೆ ಮೇಲೆ ಕೈ ಊರಿ ಊರಿ ಏಳ್ತಾನೆ, ಇವುಗಳಲ್ಲಿ ಒಂದು ಕಂಡ್ರೂ ಪಟ್ಟಿ ಬರೀತಾ ಕೂರಬೇಡಿ, ತಕ್ಷಣ ತೋರಿಸಿ.

ಚಲನೆಯ ಟೆಸ್ಟ್ ಮಾಡೋರು ಸಾಮಾನ್ಯವಾಗಿ ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸ ಮಾಡೋಕೆ ತರಬೇತಿ ಕೊಡೋರು) ಇಲ್ಲಾ ಫಿಸಿಯೋಥೆರಪಿಸ್ಟ್. ಇವರ ಹತ್ರ ಕಳಿಸೋ ರೆಫರಲ್ ಚೀಟಿ ಡಾಕ್ಟರೇ ಕೊಡ್ಲಿ ಅಂತ ಕಾಯದೆ ನೀವೇ ಬಾಯಿಬಿಟ್ಟು ಕೇಳಿ. ಹೆಚ್ಚಾಗಿ ಬಳಸೋದು ಮೂವ್‌ಮೆಂಟ್ ಎಬಿಸಿ ಅನ್ನೋ ಟೆಸ್ಟ್. ರಂಧ್ರಕ್ಕೆ ದಾರ ಪೋಣಿಸೋದು, ಗೆರೆ ದಾಟದಂತೆ ಪೆನ್ನಲ್ಲಿ ದಾರಿ ಎಳೆಯೋದು, ಎಸೆದು ಹಿಡಿಯೋದು, ಒಂಟಿ ಕಾಲಲ್ಲಿ ನಿಲ್ಲೋದು, ಹೀಗೆ ವಯಸ್ಸಿಗೆ ತಕ್ಕ ಕೆಲಸಗಳು, ಮಕ್ಕಳಿಗೆ ಆಟ ಅನ್ಸುತ್ತೆ. ಹಿಂದಿನ ವಾರ ಮನೇಲಿ ಪ್ರಾಕ್ಟೀಸ್ ಮಾಡಿಸೋಕೆ ಮಾತ್ರ ಹೋಗಬೇಡಿ, ರಿಸಲ್ಟೇ ಕೆಡುತ್ತೆ.

ಐದು ವರ್ಷದೊಳಗೆ ಸಾಮಾನ್ಯವಾಗಿ ಡಯಾಗ್ನೋಸಿಸ್ ಕೊಡಲ್ಲ, ಆ ವಯಸ್ಸಲ್ಲಿ ಒಂದೊಂದು ಮಗು ಒಂದೊಂದು ಸ್ಪೀಡಲ್ಲಿ ಕಲಿಯುತ್ತೆ. ಹಾಗಂತ ಥೆರಪಿ ಶುರು ಮಾಡಬಾರ್ದು ಅಂತೇನಿಲ್ಲ.

ರಿಪೋರ್ಟಲ್ಲಿ 5ನೇ ಪರ್ಸೆಂಟೈಲ್ ಅಂತಿದ್ರೆ ನೂರಕ್ಕೆ ಐದು ಮಾರ್ಕ್ಸ್ ಅಂತ ಗಾಬರಿಯಾಗಬೇಡಿ, ಅದೇ ವಯಸ್ಸಿನ ನೂರು ಮಕ್ಕಳಲ್ಲಿ ಕೊನೇ ಐದರ ಆಸುಪಾಸಲ್ಲಿ ಇದ್ದಾನೆ ಅಂತಷ್ಟೇ. ಎಡಿಎಚ್‌ಡಿ (ಗಮನ ನಿಲ್ಲದೆ ಇರೋದು, ಅತಿ ಚಟುವಟಿಕೆ ಇರೋ ತೊಂದರೆ) ಡಿಸಿಡಿ ಜೊತೆಗೇ ಇರೋದು ತುಂಬಾ ಕಾಮನ್, ಅದನ್ನೂ ನೋಡಿದ್ರಾ ಅಂತ ಕೇಳಿ. ರಿಪೋರ್ಟಿನ ಕಾಪಿ ಇಸ್ಕೊಂಡು ಸ್ಕೂಲಿಗೆ ಕೊಡಿ, ಪರೀಕ್ಷೇಲಿ ಎಕ್ಸ್‌ಟ್ರಾ ಟೈಮ್, ಬರೆಯೋ ಬದಲು ಟೈಪಿಂಗ್, ಇಂಥವನ್ನ ಕೇಳೋಕೆ ಆಧಾರ ಆಗೋದು ಅದೇ.